ಟಿ.ವಿ. ಕೊಳ್ಳುವಾಗ ಕಂಪನಿ ನೋಡಬೇಕೇ, ಮಾದರಿ ನೋಡಬೇಕೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಹಳೆಯ ಟಿ.ವಿ. ಕೆಟ್ಟಿದ್ದು, 60ರಿಂದ 65 ಸಾವಿರ ರೂಪಾಯಿಯೊಳಗೆ 55 ಇಂಚಿನ ಹೊಸದೊಂದನ್ನು ಕೊಳ್ಳಬೇಕೆಂದಿದ್ದೇವೆ. ಚಿತ್ರ ಚೆನ್ನಾಗಿರಬೇಕಾದರೆ ಸೋನಿಯನ್ನೇ ತೆಗೆದುಕೊಳ್ಳಿ ಎಂದು ಒಬ್ಬ ಅಂಗಡಿಯವರು ಹೇಳುತ್ತಾರೆ. ಎಲ್ಲ ಕಂಪನಿಗಳ ಪರದೆಯೂ ಚೀನಾದಿಂದಲೇ ಬರುವಾಗ ಹೆಸರಿಗೆ ಹೆಚ್ಚು ಹಣ ಏಕೆ, ಟಿಸಿಎಲ್ ಅಥವಾ ಹೈಸೆನ್ಸ್ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ನಾವು ಹೆಚ್ಚಾಗಿ ನೋಡುವುದು ಡಿಟಿಎಚ್‌ನಲ್ಲಿ ಧಾರಾವಾಹಿ ಮತ್ತು ಕ್ರಿಕೆಟ್. ರಾತ್ರಿ ಒಟಿಟಿಯಲ್ಲಿ ಸಿನಿಮಾ. ಯಾರ ಮಾತು ಸರಿ?
– ಓದುಗರು, ದಾವಣಗೆರೆ

ಉತ್ತರ: ಪರದೆಯ ಮೂಲದ ಬಗ್ಗೆ ಎರಡನೆಯವರು ಹೇಳಿದ್ದು ಬಹುಮಟ್ಟಿಗೆ ನಿಜ. ಸ್ಯಾಮ್‌ಸಂಗ್‌ನ ಪರದೆ ವಿಭಾಗ 2022ರಲ್ಲಿ ಎಲ್‌ಸಿಡಿ ಪ್ಯಾನೆಲ್‌ಗಳ, ಅಂದರೆ ಹಿಂದಿನಿಂದ ಬೆಳಕು ಬೇಕಾಗುವ ಪರದೆಗಳ, ತಯಾರಿಕೆಯನ್ನೇ ನಿಲ್ಲಿಸಿತು. ಎಲ್‌ಜಿ ಡಿಸ್‌ಪ್ಲೇ ಚೀನಾದ ಗುವಾಂಗ್‌ಝೌನಲ್ಲಿದ್ದ ತನ್ನ ದೊಡ್ಡ ಎಲ್‌ಸಿಡಿ ಕಾರ್ಖಾನೆಯನ್ನು 2025ರಲ್ಲಿ ಟಿಸಿಎಲ್ ಬಳಗದ ಸಿಎಸ್‌ಒಟಿಗೆ ಬಿಟ್ಟುಕೊಟ್ಟಿತು. ಸೋನಿ ಎಷ್ಟೋ ವರ್ಷಗಳಿಂದ ಪ್ಯಾನೆಲ್‌ಗಳನ್ನು ಹೊರಗಿನಿಂದಲೇ ಕೊಳ್ಳುತ್ತಿದೆ. ಹೀಗಾಗಿ ಇಂದಿನ ಸಾಮಾನ್ಯ ಎಲ್‌ಇಡಿ ಟಿ.ವಿ.ಗಳ (ಎಲ್‌ಸಿಡಿ ಪರದೆಯ ಹಿಂದೆ ಎಲ್‌ಇಡಿ ದೀಪಗಳಿರುವ ಟಿ.ವಿ.ಗಳ) ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಬಿಒಇ, ಸಿಎಸ್‌ಒಟಿ, ಎಚ್‌ಕೆಸಿಯಂತಹ ಚೀನೀ ಕಂಪನಿಗಳವು. ಒಂದೇ ಮಾದರಿ ಸಂಖ್ಯೆಯ ಎರಡು ಟಿ.ವಿ.ಗಳಲ್ಲಿ ಎರಡು ಬೇರೆ ಕಂಪನಿಗಳ ಪ್ಯಾನೆಲ್ ಇರುವುದೂ ಉಂಟು. ಆದರೆ ಇಷ್ಟರಿಂದಲೇ ಎಲ್ಲ ಟಿ.ವಿ.ಗಳೂ ಒಂದೇ ಎಂದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ ಕಣ್ಣಿಗೆ ಕಾಣುವ ಚಿತ್ರವನ್ನು ಪ್ಯಾನೆಲ್‌ನ ಬಗೆ, ಅದರ ಹಿಂದಿನ ಬ್ಯಾಕ್‌ಲೈಟ್ (ಪರದೆಯನ್ನು ಬೆಳಗುವ ದೀಪಗಳು) ಮತ್ತು ಚಿತ್ರವನ್ನು ಸಂಸ್ಕರಿಸುವ ಪ್ರೊಸೆಸರ್ ಮೂರೂ ಸೇರಿ ನಿರ್ಧರಿಸುತ್ತವೆ.

ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ವಿಎ ಪ್ಯಾನೆಲ್‌ನಲ್ಲಿ ಅತಿ ಬಿಳುಪಿಗೂ ಅತಿ ಕಪ್ಪಿಗೂ ಇರುವ ಅನುಪಾತ ಸಾಮಾನ್ಯವಾಗಿ 3000ದಿಂದ 5000ಕ್ಕೆ 1ರಷ್ಟಿದ್ದು, ಕತ್ತಲೆಯ ದೃಶ್ಯದಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಆದರೆ ಪಕ್ಕದಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ. ಐಪಿಎಸ್ ಪ್ಯಾನೆಲ್‌ನಲ್ಲಿ ಆ ಅನುಪಾತ ಸುಮಾರು 1000ಕ್ಕೆ 1 ಮಾತ್ರ, ಆದ್ದರಿಂದ ದೀಪ ಆರಿಸಿದ ಕೋಣೆಯಲ್ಲಿ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಆದರೆ ಹಾಲ್‌ನ ಮೂಲೆಯಲ್ಲಿ ಕೂತವರಿಗೂ ಮುಖದ ಬಣ್ಣ ಕೆಡದೆ ಕಾಣುತ್ತದೆ. ರಾತ್ರಿ ಎದುರಿಗೇ ಕೂತು ಸಿನಿಮಾ ನೋಡುವವರಿಗೆ ವಿಎ ಒಳ್ಳೆಯದು. ಮನೆಮಂದಿಯೆಲ್ಲ ಅಗಲವಾಗಿ ಹರಡಿ ಕೂರುವ ಹಾಲ್ ನಿಮ್ಮದಾದರೆ ಐಪಿಎಸ್ ಬಗ್ಗೆ ಯೋಚಿಸಬಹುದು.

ಬ್ಯಾಕ್‌ಲೈಟ್ ಇನ್ನೂ ಮುಖ್ಯವಾದ ವಿಷಯ. ಅಗ್ಗದ ಮಾದರಿಗಳಲ್ಲಿ ಪರದೆಯ ಹಿಂದಿನ ಎಲ್‌ಇಡಿಗಳೆಲ್ಲ ಒಟ್ಟಿಗೇ ಬೆಳಗುತ್ತವೆ, ಒಟ್ಟಿಗೇ ಮಂಕಾಗುತ್ತವೆ. ಲೋಕಲ್ ಡಿಮ್ಮಿಂಗ್ ಇರುವ ಮಾದರಿಗಳಲ್ಲಿ ಅವು ಹಲವು ವಲಯಗಳಾಗಿ ವಿಂಗಡಣೆಯಾಗಿರುವುದರಿಂದ, ಚಂದ್ರ ಇರುವ ಕಡೆ ಬೆಳಕು ಉಳಿದು ಆಕಾಶದ ಉಳಿದ ಭಾಗ ಕಪ್ಪಾಗಲು ಸಾಧ್ಯವಾಗುತ್ತದೆ. ಮಿನಿ ಎಲ್‌ಇಡಿ ಎಂಬುದು ಇದೇ ವ್ಯವಸ್ಥೆಯನ್ನು ಬಹಳ ಸಣ್ಣ ಎಲ್‌ಇಡಿಗಳಿಂದ, ಹೆಚ್ಚು ವಲಯಗಳಲ್ಲಿ ಮಾಡುವ ಕ್ರಮ. ಕ್ಯೂಎಲ್‌ಇಡಿ ಎಂಬ ಹೆಸರಿಗೆ ಮಾತ್ರ ಜನ ಸುಲಭವಾಗಿ ಮರುಳಾಗುತ್ತಾರೆ. ಅದು ಬ್ಯಾಕ್‌ಲೈಟ್‌ನ ಮುಂದೆ ಕ್ವಾಂಟಮ್ ಡಾಟ್ ಪದರವಿರುವ ಎಲ್‌ಸಿಡಿಯೇ ಹೊರತು ಬೇರೇನಲ್ಲ. ಬಣ್ಣ ಹೆಚ್ಚು ತುಂಬಿಕೊಳ್ಳುತ್ತದೆ ನಿಜ, ಆದರೆ ಲೋಕಲ್ ಡಿಮ್ಮಿಂಗ್ ಇಲ್ಲದ ಕ್ಯೂಎಲ್‌ಇಡಿಯಲ್ಲಿ ಕತ್ತಲೆಯ ದೃಶ್ಯ ಸಾಧಾರಣ ಟಿ.ವಿ.ಯಂತೆಯೇ ಇರುತ್ತದೆ. ಡಬ್ಬದ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲೆಗಳ ಅಂತರವನ್ನು ಹೆಚ್ಚಾಗಿ ತೋರಿಸುವ ಚಿತ್ರಕ್ರಮ) ಎಂದು ಬರೆದಿರುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪರದೆಯ ಹೊಳಪು 250–300 ನಿಟ್ಸ್‌ನಷ್ಟೇ (ನಿಟ್ಸ್ ಎಂಬುದು ಹೊಳಪಿನ ಅಳತೆ) ಇದ್ದರೆ ಎಚ್‌ಡಿಆರ್ ಚಿತ್ರ ತೆರೆಯುತ್ತದೆ, ಅದರ ಸೊಗಸು ಮಾತ್ರ ಕಾಣುವುದಿಲ್ಲ. ಸ್ಯಾಮ್‌ಸಂಗ್ ಟಿ.ವಿ.ಗಳಲ್ಲಿ ಡಾಲ್ಬಿ ವಿಷನ್ ಎಂಬ ಬಗೆಯ ಎಚ್‌ಡಿಆರ್ ಇಲ್ಲ, ಎಚ್‌ಡಿಆರ್10 ಪ್ಲಸ್ ಎಂಬ ಇನ್ನೊಂದು ಬಗೆ ಇದೆ ಎಂಬುದು ದೊಡ್ಡ ಚರ್ಚೆಯ ವಿಷಯವಾಗಿದೆ. ನಿಮ್ಮ ಬೆಲೆಯ ಟಿ.ವಿ.ಗಳಲ್ಲಿ ಅದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಇನ್ನು ಸೋನಿಯ ಪರವಾದ ಮಾತು. ಸಾಮಾನ್ಯ ಎಸ್‌ಡಿ (ಎಚ್‌ಡಿ ಅಲ್ಲದ) ವಾಹಿನಿಯ ಚಿತ್ರದಲ್ಲಿ ಹೆಚ್ಚೆಂದರೆ 720×576 ಚುಕ್ಕಿಗಳಿರುತ್ತವೆ. 4ಕೆ ಪರದೆಯಲ್ಲಿ ಇರುವುದು 3840×2160. ಅಂದರೆ ಬಂದ ಪ್ರತಿ ಚುಕ್ಕಿಗೆ ಟಿ.ವಿ. ತಾನೇ ಊಹಿಸಿ ಸುಮಾರು ಇಪ್ಪತ್ತು ಚುಕ್ಕಿಗಳನ್ನು ತುಂಬಬೇಕು. ಈ ಕೆಲಸ ಕೆಟ್ಟದಾಗಿ ನಡೆದರೆ ಧಾರಾವಾಹಿಯ ರೇಷ್ಮೆ ಸೀರೆಯ ಜರಿ ಅಂಚು ನಡೆದಾಗಲೆಲ್ಲ ಮಿಣಮಿಣ ನಡುಗುತ್ತದೆ, ಕೆಳಗೆ ಓಡುವ ಅಕ್ಷರಗಳ ಒತ್ತಕ್ಷರಗಳು ಕಲಸಿಹೋಗಿ ಸುತ್ತ ಕೊಳಕು ಕಲೆಗಳಂತೆ ಕಾಣುತ್ತವೆ. ಕ್ರಿಕೆಟ್‌ನ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಎಚ್‌ಡಿ ವಾಹಿನಿಗಳು ಸೆಕೆಂಡಿಗೆ 50 ಅರ್ಧಚಿತ್ರಗಳನ್ನು ಕಳಿಸುವ 1080ಐ ಕ್ರಮದಲ್ಲಿ ಪ್ರಸಾರವಾಗುತ್ತವೆ. ಅವನ್ನು ಸರಿಯಾಗಿ ಜೋಡಿಸದಿದ್ದರೆ ಚೆಂಡಿನ ಹಿಂದೆ ಬಾಲ ಮೂಡುತ್ತದೆ, ಬೌಂಡರಿ ಗೆರೆ ಹಲ್ಲುಹಲ್ಲಾಗುತ್ತದೆ. ಈ ಎರಡೂ ಕೆಲಸಗಳಲ್ಲಿ ಸೋನಿಯ ಸಂಸ್ಕರಣೆ ಬಹುಕಾಲದಿಂದ ಮೇಲುಗೈ ಹೊಂದಿದೆ, ಮತ್ತು ಅದರ ಕೆಳಹಂತದ ಮಾದರಿಗಳಲ್ಲೂ ಬಣ್ಣ ಸಹಜವಾಗಿರುತ್ತದೆ. ಆದರೆ ನಿಮ್ಮ ಬಜೆಟ್‌ಗೆ ಸಿಗುವ ಸೋನಿಯಲ್ಲಿ ಲೋಕಲ್ ಡಿಮ್ಮಿಂಗ್ ಇರುವುದಿಲ್ಲ. ಅದೇ ಹಣಕ್ಕೆ ಟಿಸಿಎಲ್, ಹೈಸೆನ್ಸ್‌ಗಳಲ್ಲಿ ಮಿನಿ ಎಲ್‌ಇಡಿಯೇ ದೊರೆಯುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ನಿಮ್ಮ ಮನೆಯಲ್ಲಿ ಟಿ.ವಿ. ಓಡುವ ಹೊತ್ತಿನಲ್ಲಿ ಮುಕ್ಕಾಲು ಪಾಲು ಡಿಟಿಎಚ್ ಆಗಿದ್ದರೆ ಸೋನಿಯ ಮಾದರಿಯನ್ನು ಆರಿಸಿ, ಜೊತೆಗೆ ವಾಹಿನಿಗಳ ಎಚ್‌ಡಿ ಆವೃತ್ತಿಗೆ ಚಂದಾ ಕಟ್ಟಿ. ಒಟಿಟಿ ಸಿನಿಮಾವೇ ಹೆಚ್ಚಾದರೆ ಟಿಸಿಎಲ್ ಅಥವಾ ಹೈಸೆನ್ಸ್‌ನ ಲೋಕಲ್ ಡಿಮ್ಮಿಂಗ್ ಇರುವ ಮಾದರಿಯೇ ಒಳ್ಳೆಯ ಚಿತ್ರ ಕೊಡುತ್ತದೆ. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಮೇಲಿನ ಹಂತದ ಮಾದರಿಗಳಲ್ಲಿ ಶ್ರೇಷ್ಠ ಟಿ.ವಿ.ಗಳನ್ನು ಮಾಡುತ್ತವೆ, ಆದರೆ ಅವುಗಳ ಕ್ರಿಸ್ಟಲ್, ಯುಎಚ್‌ಡಿ ಎಂಬ ಆರಂಭಿಕ ಸರಣಿಗಳು ಸಾಮಾನ್ಯ ಎಲ್‌ಇಡಿ ಟಿ.ವಿ.ಗಳೇ. ಮೇಲಿನ ಹಂತದ ಟಿ.ವಿ. ಗಳಿಸಿಕೊಟ್ಟ ಹೆಸರನ್ನು ನಂಬಿ ಕೆಳಗಿನ ಹಂತದ್ದನ್ನು ಕೊಳ್ಳುವುದು ನಮ್ಮಲ್ಲಿ ಬಹಳ ಮಂದಿಗೆ ಆಗುತ್ತಿರುವ ನಷ್ಟ, ಮತ್ತು ಇದು ಸೋನಿಯೂ ಸೇರಿ ಯಾವ ಕಂಪನಿಗಾದರೂ ಅನ್ವಯಿಸುತ್ತದೆ.

ಅಂಗಡಿಯಲ್ಲಿ ಟಿ.ವಿ.ಗಳು ಕಣ್ಣು ಕೋರೈಸುವ ವಿವಿಡ್ ಮೋಡ್‌ನಲ್ಲಿರುತ್ತವೆ, ಅದಕ್ಕೆಂದೇ ತಯಾರಿಸಿದ ಹೂವು-ಹಣ್ಣುಗಳ ದೃಶ್ಯ ಓಡುತ್ತಿರುತ್ತದೆ. ಸಿನಿಮಾ ಮೋಡ್‌ಗೆ ಬದಲಿಸಲು ಕೇಳಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವ ಯಾವುದಾದರೂ ಸಿನಿಮಾದ ರಾತ್ರಿಯ ದೃಶ್ಯವನ್ನು ಹಾಕಿಸಿ, ಆ ಪಟ್ಟಿ ಟಿ.ವಿ.ಯ ಚೌಕಟ್ಟಿನಷ್ಟೇ ಕಪ್ಪಾಗಿದೆಯೇ, ಮೂಲೆಗಳಲ್ಲಿ ಬಿಳಿ ಮಬ್ಬು ಸೋರುತ್ತಿದೆಯೇ ಎಂದು ನೋಡಿ. ನಂತರ ಡಿಟಿಎಚ್‌ನ ಎಸ್‌ಡಿ ವಾಹಿನಿಯೊಂದನ್ನು ಹಾಕಿಸಿ ನೋಡಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಅಷ್ಟು ದೊಡ್ಡ ಮೊತ್ತ ಕೊಡಬೇಕಾಗಿಲ್ಲ. ಬೆಲೆ ಹೋಲಿಸುವಾಗ ಹಳೆಯ ವಿಮರ್ಶೆಗಳಲ್ಲಿರುವ ಅಂಕಿಗಳನ್ನು ನಂಬಬೇಡಿ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ.

ಪ್ರಶ್ನೆ: ಮೂರು ವರ್ಷದ ಹಿಂದೆ ಕೊಂಡ ನಮ್ಮ ಎಲ್‌ಇಡಿ ಟಿ.ವಿ.ಯಲ್ಲಿ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ವಾರಂಟಿ ಮುಗಿದಿದೆ. ಮುಂದೆ ಯಾವ ಕಂಪನಿಯದನ್ನು ಕೊಂಡರೆ ಬಾಳಿಕೆ ಬರುತ್ತದೆ? ನಮ್ಮದು ಸಮುದ್ರದ ಪಕ್ಕದ ಊರು.
– ಓದುಗರು, ಕುಂದಾಪುರ

ಉತ್ತರ: ಮೊದಲು ಆ ಟಿ.ವಿ. ನಿಜವಾಗಿಯೂ ಸತ್ತಿದೆಯೇ ಎಂದು ನೋಡಿ. ಕೋಣೆಯನ್ನು ಕತ್ತಲು ಮಾಡಿ, ಟಿ.ವಿ. ಹಚ್ಚಿ, ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪ್ಯಾನೆಲ್ ಚೆನ್ನಾಗಿದೆ, ಬ್ಯಾಕ್‌ಲೈಟ್ ಮಾತ್ರ ಹೋಗಿದೆ ಎಂದರ್ಥ. ಪರದೆಯ ಹಿಂದಿನ ಎಲ್‌ಇಡಿಗಳನ್ನು ಹಬ್ಬದ ಸೀರಿಯಲ್ ಸೆಟ್‌ನಂತೆ ಸಾಲಾಗಿ ಜೋಡಿಸಿರುತ್ತಾರೆ. ಒಂದು ಸುಟ್ಟರೆ ಸಾಲೇ ಆರುತ್ತದೆ, ದೋಷ ಕಂಡ ಕೂಡಲೇ ಟಿ.ವಿ. ಇಡೀ ಬ್ಯಾಕ್‌ಲೈಟನ್ನು ನಿಲ್ಲಿಸಿಬಿಡುತ್ತದೆ. ಎಲ್‌ಇಡಿ ಪಟ್ಟಿಗಳನ್ನು ಬದಲಿಸುವ ಖರ್ಚು ಪ್ಯಾನೆಲ್ ಬದಲಿಸುವ ಖರ್ಚಿಗಿಂತ ಬಹಳ ಕಡಿಮೆ. ಕೆಲಸ ಬಲ್ಲ ಮೆಕ್ಯಾನಿಕ್ ಸಿಕ್ಕರೆ, ಒಂದನ್ನೇ ಬೆಸುಗೆ ಹಾಕಿಸದೆ ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಬದಲಿಸಲು ಹೇಳಿ. ಆದರೆ ಪರದೆಯ ಮೇಲೆ ಉದ್ದುದ್ದ ಗೆರೆಗಳು ಮೂಡಿದ್ದರೆ ಅದು ಪ್ಯಾನೆಲ್‌ನ ದೋಷ. ಅದರ ದುರಸ್ತಿಗೆ ಹಣ ಹಾಕುವುದು ಸಾಮಾನ್ಯವಾಗಿ ಲಾಭದಾಯಕವಲ್ಲ.

ಬ್ಯಾಕ್‌ಲೈಟ್‌ನ ಈ ದೋಷ ಬಾರದ ಕಂಪನಿಯೆಂದು ಒಂದನ್ನು ಹೆಸರಿಸಲಾಗದು, ಎಲ್ಲ ಕಂಪನಿಗಳ ಟಿ.ವಿ.ಗಳಲ್ಲೂ ಅದು ಬರುತ್ತದೆ. ಅದನ್ನು ಬೇಗ ತರುವುದು ಬಿಸಿ. ಕೊಂಡ ದಿನದಿಂದ ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಬ್ಯಾಕ್‌ಲೈಟ್ 100ರಲ್ಲೇ ಇದ್ದರೆ ಎಲ್‌ಇಡಿಗಳ ಮೂಲಕ ಪೂರ್ಣ ವಿದ್ಯುತ್ ಹರಿದು ಅವು ಬೇಗ ಸವೆಯುತ್ತವೆ. ಹಗಲಿನಲ್ಲಿ 60–70, ರಾತ್ರಿ ಅದಕ್ಕಿಂತ ಕಡಿಮೆ ಇಟ್ಟರೆ ಕಣ್ಣಿಗೂ ಹಿತ, ಟಿ.ವಿ.ಗೂ ಆಯುಷ್ಯ. ಗಾಳಿಯಾಡದ ಷೋಕೇಸ್‌ನೊಳಗೆ ಟಿ.ವಿ. ಇಡಬೇಡಿ.

ಕರಾವಳಿಯಲ್ಲಿ ಇನ್ನೆರಡು ಶತ್ರುಗಳಿವೆ. ಉಪ್ಪಿನ ಗಾಳಿ ಮತ್ತು ತೇವ ಸೇರಿ ಸರ್ಕ್ಯೂಟ್ ಬೋರ್ಡ್‌ನ ಸಂಪರ್ಕಗಳನ್ನು ತಿನ್ನುತ್ತವೆ, ಮಳೆಗಾಲದಲ್ಲಿ ಟಿ.ವಿ.ಯನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕಿಷ್ಟು ಹೊತ್ತು ಹಚ್ಚುವುದು ಮೇಲು, ಒಳಗಿನ ಬಿಸಿಗೆ ತೇವ ಆರುತ್ತದೆ. ಸಿಡಿಲಿನ ವಿಷಯ ಇದಕ್ಕಿಂತ ಗಂಭೀರ. ಗುಡುಗು ಶುರುವಾದಾಗ ಪ್ಲಗ್ ಕಿತ್ತಿಟ್ಟವರು ಡಿಶ್ ಕೇಬಲ್ ಮತ್ತು ಇಂಟರ್‌ನೆಟ್ ತಂತಿಯನ್ನು ಹಾಗೇ ಬಿಟ್ಟಿರುತ್ತಾರೆ. ಛಾವಣಿಯ ಮೇಲಿನ ಡಿಶ್‌ನಿಂದ ಬಂದ ಮಿಂಚಿನ ಹೊಡೆತ ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ ತಂತಿಯ ಮೂಲಕ ಟಿ.ವಿ.ಯ ಮುಖ್ಯ ಬೋರ್ಡನ್ನು ಸುಡುತ್ತದೆ, ಮತ್ತು ಸಿಡಿಲಿನ ಹಾನಿಯನ್ನು ವಾರಂಟಿಗಳು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಯ ಮಳೆಗೂ ಮಳೆಗಾಲ ಮುಗಿಯುವ ಹೊತ್ತಿನ ಗುಡುಗಿಗೂ ಎಲ್ಲ ತಂತಿಗಳನ್ನೂ ಬಿಡಿಸಿಡುವುದನ್ನು ದಯವಿಟ್ಟು ಮನೆಯವರಿಗೆಲ್ಲ ರೂಢಿ ಮಾಡಿಸಿ.

ಹೊಸದನ್ನು ಕೊಳ್ಳುವುದೇ ಆದರೆ ನಿಮ್ಮ ಊರಿಗೆ ಯಾವ ಕಂಪನಿಯ ತಂತ್ರಜ್ಞರು ಎಲ್ಲಿಂದ ಬರುತ್ತಾರೆ, ಉಡುಪಿಯಿಂದಲೋ ಮಂಗಳೂರಿನಿಂದಲೋ, ಎಂಬುದನ್ನು ಕಂಪನಿಯ ಸೇವಾ ಸಂಖ್ಯೆಗೇ ಕರೆ ಮಾಡಿ ಕೇಳಿ. ಬಾಳಿಕೆಯ ದೃಷ್ಟಿಯಿಂದ ನಾನು ಇದಕ್ಕೆ ಬ್ರ್ಯಾಂಡಿನ ಹೆಸರಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಪ್ರಶ್ನೆ: ನಿವೃತ್ತರಾದ ನಮ್ಮ ತಂದೆ ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ವಾಹಿನಿ ನೋಡುತ್ತಾರೆ. ಅವರಿಗೆ ಒಎಲ್‌ಇಡಿ ಟಿ.ವಿ. ಕೊಡಿಸಬೇಕೆಂಬ ಆಸೆ.
– ಓದುಗರು, ಮೈಸೂರು

ಉತ್ತರ: ಆ ಬಳಕೆಗೆ ಒಎಲ್‌ಇಡಿ ಬೇಡ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುವುದರಿಂದ ಕಪ್ಪು ಪೂರ್ಣ ಕಪ್ಪಾಗಿರುತ್ತದೆ, ಚಿತ್ರದ ಸೊಗಸಿನಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಬೆಳಗಿದಷ್ಟೂ ಆ ಚುಕ್ಕಿ ಸವೆಯುತ್ತದೆ. ಸುದ್ದಿ ವಾಹಿನಿಯ ಲಾಂಛನ, ಕೆಳಗಿನ ಕೆಂಪು ಪಟ್ಟಿ, ಮೂಲೆಯ ಗಡಿಯಾರ ದಿನವಿಡೀ ಒಂದೇ ಜಾಗದಲ್ಲಿದ್ದರೆ ಅಲ್ಲಿನ ಚುಕ್ಕಿಗಳು ಉಳಿದವುಗಳಿಗಿಂತ ಮೊದಲು ಮಂಕಾಗಿ, ಸಿನಿಮಾ ಹಾಕಿದಾಗಲೂ ಪಟ್ಟಿಯ ನೆರಳು ಉಳಿದುಬಿಡುತ್ತದೆ. ತಂದೆಯವರಿಗೆ ಐಪಿಎಸ್ ಪ್ಯಾನೆಲ್‌ನ, ಧ್ವನಿ ಸ್ಪಷ್ಟವಾಗಿರುವ ಎಲ್‌ಇಡಿ ಟಿ.ವಿ. ಕೊಡಿಸಿ, ಉಳಿದ ಹಣದಲ್ಲಿ ಮಾತು ತಿಳಿಯಾಗಿ ಕೇಳಿಸುವ ಒಂದು ಸೌಂಡ್‌ಬಾರ್ ಬಂದರೆ ಅವರಿಗೆ ಹೆಚ್ಚು ಉಪಕಾರವಾಗುತ್ತದೆ.

ಪ್ರಶ್ನೆ: ಕೊಡಾಕ್, ಥಾಮ್ಸನ್, ತೋಶಿಬಾದಂತಹ ಹಳೆಯ ಹೆಸರಿನ ಟಿ.ವಿ.ಗಳು ಕಡಿಮೆ ಬೆಲೆಗೆ ಬರುತ್ತಿವೆ. ನಂಬಬಹುದೇ?
– ಓದುಗರು, ಹಾವೇರಿ

ಉತ್ತರ: ಹೆಸರಿನ ಹಿಂದೆ ಈಗ ಯಾರಿದ್ದಾರೆ ಎಂದು ತಿಳಿದು ಕೊಳ್ಳಿ. ಭಾರತದಲ್ಲಿ ಕೊಡಾಕ್, ಥಾಮ್ಸನ್ ಮತ್ತು ಬ್ಲಾಪುಂಕ್ಟ್ ಹೆಸರುಗಳನ್ನು ಪರವಾನಗಿಯಡಿ ಪಡೆದು ಟಿ.ವಿ. ತಯಾರಿಸುತ್ತ ಬಂದಿರುವುದು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ಇಲ್ಲಿನ ಕಂಪನಿ. ತೋಶಿಬಾದ ಟಿ.ವಿ. ವ್ಯವಹಾರವನ್ನು ಹೈಸೆನ್ಸ್ 2018ರಲ್ಲಿ ತನ್ನದಾಗಿಸಿಕೊಂಡಿತು. ಇದರಲ್ಲಿ ಮೋಸವೇನೂ ಇಲ್ಲ, ಬೆಲೆಗೆ ತಕ್ಕ ಟಿ.ವಿ.ಗಳೂ ಇವೆ. ಮಲಗುವ ಕೋಣೆಗೆ 32 ಅಥವಾ 43 ಇಂಚಿನದು ಬೇಕಾದರೆ ಧಾರಾಳವಾಗಿ ಪರಿಗಣಿಸಬಹುದು. ಹಳೆಯ ಕಾಲದ ಗುಣಮಟ್ಟವೇ ಹೆಸರಿನೊಡನೆ ಬಂದಿದೆ ಎಂದು ಮಾತ್ರ ಭಾವಿಸಬೇಡಿ.

ವಾರಂಟಿ ಪತ್ರದಲ್ಲಿ ಯಾವ ಕಂಪನಿಯ ಹೆಸರು, ವಿಳಾಸ ಇದೆಯೆಂದು ಓದಿ, ಪ್ಯಾನೆಲ್‌ಗೂ ಉಳಿದ ಭಾಗಗಳಿಗೂ ಅವಧಿ ಬೇರೆ ಬೇರೆಯೇ ಎಂದು ನೋಡಿ, ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಡಬ್ಬ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ, ಪರದೆ ಒಡೆದು ಬಂದಾಗ ಯಾರ ತಪ್ಪೆಂಬ ವಾದಕ್ಕೆ ಎಡೆಯಿರುವುದಿಲ್ಲ. ವಾರಂಟಿಯೊಳಗೆ ದುರಸ್ತಿ ಮಾಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ತೊಂದರೆ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ.