ದಿನಕ್ಕೆ 25 ಗಂಟೆ: ನಿಮ್ಮ ಕತೆಯ ಬಗ್ಗೆ

ಪ್ರಿಯರೇ,

ನಿಮ್ಮ ಕತೆ ಓದಿದೆ. ನರ್ಸ್ ಶಾರದಾಗೆ ಎಷ್ಟು ಮಲಗಿದರೂ ನಿದ್ದೆ ಸಾಲದು. ಅತ್ತ ಸರ್ಕಾರಗಳೆಲ್ಲ ಸೇರಿ ಭೂಮಧ್ಯರೇಖೆಯುದ್ದಕ್ಕೂ ರಾಕೆಟ್ ಎಂಜಿನ್ ನೆಟ್ಟು, ಭೂಮಿ ತಿರುಗುವ ವೇಗ ಇಳಿಸಿ, ದಿನವನ್ನು 25 ಗಂಟೆಗೆ ಹಿಗ್ಗಿಸುತ್ತವೆ. ಕಡಲುಕ್ಕಿ ಮಂಗಳೂರಿನ ಪಣಂಬೂರು ಮುಳುಗುವಲ್ಲಿಗೆ ಕತೆ ಮುಗಿಯುತ್ತದೆ. ಹೀಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ಶಾರದಾ ಸಿಟಿ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಸ್ಟಾಪ್ ದಾಟಿದ್ದೂ ಗೊತ್ತಾಗದೆ ನಿದ್ದೆ ಹೋಗಿರುವ ಆ ಪ್ಯಾರಾ ಓದಿದ ಮೇಲೆ ಬರೀ ‘ವಿಷಾದಿಸುತ್ತೇವೆ’ ಎಂದು ಬರೆಯಲು ಮನಸ್ಸಾಗಲಿಲ್ಲ.

ಎಂಜಿನ್ನುಗಳಿಂದ ಶುರುಮಾಡುತ್ತೇನೆ. ಭೂಮಿಯ ಕೋನೀಯ ಸಂವೇಗ, ಅಂದರೆ ಅದರ ತಿರುಗುವಿಕೆಯಲ್ಲಿರುವ ರಭಸ, ಮಾಯವಾಗುವಂಥದ್ದಲ್ಲ, ಇನ್ನೊಂದು ವಸ್ತುವಿಗೆ ದಾಟಬೇಕು. ನಿಮ್ಮ ಎಂಜಿನ್ ಉಗುಳಿದ ಅನಿಲ ಗಾಳಿಯನ್ನು ತಳ್ಳುತ್ತದೆ, ಗಾಳಿ ಬೆಟ್ಟಕ್ಕೂ ಕಡಲಿಗೂ ಉಜ್ಜುತ್ತದೆ, ಕಿತ್ತುಕೊಂಡದ್ದೆಲ್ಲ ಭೂಮಿಗೇ ವಾಪಸ್. ಎಸೆದದ್ದು ಮರಳಿ ಬೀಳಬಾರದು ಎಂದರೆ ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು, ಅದೂ ಭೂಮಿ ತಿರುಗುವ ಪೂರ್ವ ದಿಕ್ಕಿಗೆ, ಆಗಲೇ ಭೂಮಿ ಹಿಂದಕ್ಕೆ ತಳ್ಳಿಸಿಕೊಳ್ಳುವುದು. ನೀವು ಪಶ್ಚಿಮಕ್ಕೆ ಉಗುಳಿಸಿದ್ದೀರಿ, ಅದರಿಂದ ದಿನ ಗಿಡ್ಡವಾಗುತ್ತದೆ. ಲೆಕ್ಕ ಹಾಕಿ ನೋಡಿದೆ: ಆ ವೇಗದಲ್ಲಿ ಎಸೆದು ಒಂದು ಗಂಟೆ ಗಳಿಸಬೇಕಾದರೆ, ಭೂಮಿಯ ಎಲ್ಲ ಸಾಗರಗಳ ನೀರಿನ ಎರಡು ಪಟ್ಟಿಗಿಂತ ಹೆಚ್ಚು ತೂಕದ ವಸ್ತುವನ್ನು ಬಾಹ್ಯಾಕಾಶಕ್ಕೆ ಚೆಲ್ಲಬೇಕು.

ಸರಿ, ಅಸಾಧ್ಯವಾದ ಒಂದು ಸಂಗತಿಯನ್ನು ಓದುಗರು ನಂಬಿಕೊಳ್ಳುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಅದಾದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಸರಿಯಿರಬೇಕು. ತಿರುಗುವುದರಿಂದಲೇ ಭೂಮಿ ನಡುವಿನಲ್ಲಿ ಉಬ್ಬಿದೆ. ಭೂಮಧ್ಯರೇಖೆಯ ಬಳಿ ಅದರ ತ್ರಿಜ್ಯ ಧ್ರುವದಲ್ಲಿ ಇರುವುದಕ್ಕಿಂತ 21 ಕಿ.ಮೀ. ಹೆಚ್ಚು, ಕಡಲ ನೀರೂ ಅದೇ ಆಕಾರಕ್ಕೆ ಹೊಂದಿಕೊಂಡು ನಿಂತಿದೆ. ವೇಗ ಶೇ. 4ರಷ್ಟು ಇಳಿದರೆ ನೀರನ್ನು ಅಲ್ಲಿ ಹಿಡಿದಿಟ್ಟ ಪರಿಣಾಮ ಶೇ. 8ರಷ್ಟು ಕುಗ್ಗುತ್ತದೆ, ನೀರು ಧ್ರುವಗಳ ಕಡೆ ಹರಿಯುತ್ತದೆ. ಮುಳುಗುವುದು ದೂರದ ಉತ್ತರದ ಹೆಲ್ಸಿಂಕಿ, ಪಣಂಬೂರಲ್ಲ. 13 ಡಿಗ್ರಿ ಅಕ್ಷಾಂಶದಲ್ಲಿರುವ ನಿಮ್ಮೂರಲ್ಲಿ ಕಡಲು ನೂರಕ್ಕೂ ಹೆಚ್ಚು ಮೀಟರ್ ಕೆಳಗಿಳಿದು ಕಣ್ಣಿಗೆ ಕಾಣದಷ್ಟು ದೂರ ಸರಿಯುತ್ತದೆ. ಬಂದರಿನ ಹಡಗುಗಳು ಕೆಸರಲ್ಲಿ ವಾಲಿ ನಿಲ್ಲುತ್ತವೆ, ಮೊಗವೀರರ ದೋಣಿಗೆ ನೀರಿಲ್ಲ. ಪ್ರಳಯದ ದೃಶ್ಯ ಎಲ್ಲರೂ ಬರೆದಿದ್ದಾರೆ. ಇದನ್ನು ನೀವು ಬರೆಯಿರಿ.

ಇನ್ನು ಶಾರದಾ. ಸಿಕ್ಕಿದ ಆ ಗಂಟೆ ಯಾರ ಪಾಲಾಯಿತು? ಆಸ್ಪತ್ರೆ ಅದನ್ನು ಮೂರು ಪಾಳಿಗೆ ಹಂಚಿದರೆ ಅವಳ ಡ್ಯೂಟಿಯೇ 20 ನಿಮಿಷ ಜಾಸ್ತಿಯಾಗುತ್ತದೆ. ಇಡೀ ಕತೆ ಅವಳ ನಿದ್ದೆಯ ಮೇಲೆ ನಿಂತಿದೆ, ಆದರೆ ವೇಗ ಇಳಿದ ಮೇಲೆ ಅವಳು ಒಮ್ಮೆಯೂ ಮಲಗುವುದನ್ನು ನಾವು ನೋಡುವುದಿಲ್ಲ.

ಕತೆಯಲ್ಲಿ ಬರುವ ಪ್ರೊಫೆಸರರ ಭಾಷಣ ಪೂರ್ತಿ ತೆಗೆಯಿರಿ. ಅದರಲ್ಲಿ ಚಂದ್ರನ ಮಾತು ಮಾತ್ರ ಉಳಿಯಲಿ, ವಾರ್ಡಿನಲ್ಲಿ ಯಾರಾದರೂ ಅವಳಿಗೆ ಹೇಳಲಿ. ಉಬ್ಬರವಿಳಿತದ ಎಳೆತದಿಂದ ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಹೋಗುತ್ತಿದ್ದಾನೆ, ನಮ್ಮ ದಿನ ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡ್ ಬೆಳೆಯುತ್ತಿದೆ. 1963ರಲ್ಲಿ ಪಳೆಯುಳಿಕೆ ವಿಜ್ಞಾನಿ ಜಾನ್ ವೆಲ್ಸ್ ಹಳೆಯ ಹವಳಗಳ ಮೇಲಿನ ದಿನದಿನದ ಗೆರೆಗಳನ್ನು ಎಣಿಸಿ, ಸುಮಾರು ನಲವತ್ತು ಕೋಟಿ ವರ್ಷ ಹಿಂದಿನ ಡೆವೋನಿಯನ್ ಯುಗದ ವರ್ಷಕ್ಕೆ ಸುಮಾರು 400 ದಿನಗಳಿದ್ದವು ಎಂದು ತೋರಿಸಿದರು. ಶಾರದಾಗೆ ಬೇಕಾದ ಗಂಟೆ ಬರುತ್ತಲೇ ಇದೆ, ಈ ದರದಲ್ಲಿ ಹದಿನೆಂಟು ಕೋಟಿ ವರ್ಷಕ್ಕೆ ತಲುಪುತ್ತದೆ. ಇದನ್ನು ಕೇಳಿ ಅವಳು ಏನೆನ್ನುತ್ತಾಳೆ ಎಂದು ನನಗೆ ಓದಬೇಕಾಗಿದೆ.

ತಿದ್ದಿ ಮತ್ತೆ ಕಳಿಸಿ. ಅವಸರವಿಲ್ಲ.

ಇಂತಿ,
ಸಂಪಾದಕ