ಕಡಿಮೆ ರೊಕ್ಕದಲ್ಲಿ ಬಗ್ ಬೌಂಟಿ ನಡೆಸೋದು ಹೇಗೆ?

ಹುಬ್ಬಳ್ಳಿಯಲ್ಲಿ ಹತ್ತು ಜನರ ಕಂಪನಿ, ಸಾಫ್ಟ್‌ವೇರ್‌ನಲ್ಲಿ ಲೋಪ ಹುಡುಕಿದವರಿಗೆ ಬಹುಮಾನ ಕೊಡೋ ಬಗ್ ಬೌಂಟಿ ನಡೆಸೋ ಆಸೆ ಇದೆ, ರೊಕ್ಕ ಇಲ್ಲ ಅಂತ ಕೇಳಿದ್ದೀರಿ. ನಡೆಸಬಹುದು.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ತೋರಿಸಿದವರಿಗೆ ಕೊಡುತ್ತಿದ್ದದ್ದು 2.56 ಡಾಲರ್ ಚೆಕ್. ಹದಿನಾರರ ಆಧಾರದ ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ 256 ಅನ್ನು 100 ಅಂತ ಬರೀತಾರೆ, ಹಾಗಾಗಿ 256 ಸೆಂಟ್ ಅಂದರೆ ಒಂದು ಡಾಲರ್, ಅದು ಅವರ ತಮಾಷೆ. ಎಷ್ಟೋ ಜನ ಅದನ್ನು ಬ್ಯಾಂಕಿಗೆ ಹಾಕದೆ ಫ್ರೇಮ್ ಹಾಕಿಸಿ ಇಟ್ಟುಕೊಂಡರು. ನೆದರ್ಲ್ಯಾಂಡ್ಸ್ ಸರ್ಕಾರ ತನ್ನ ಕಂಪ್ಯೂಟರ್ ವ್ಯವಸ್ಥೆಯ ಲೋಪ ತಿಳಿಸಿದವರಿಗೆ ಟೀ-ಶರ್ಟ್ ಕೊಡುತ್ತದೆ, ಅದಕ್ಕೂ ಪೈಪೋಟಿ! ನೀವು ಹೆಸರು ಹಾಕಿದ ಪ್ರಮಾಣಪತ್ರದ ಜೊತೆ ಒಂದು ಕೆಜಿ ಧಾರವಾಡ ಪೇಢಾ ಕಳಿಸಿ ನೋಡಿ. ಸುಮ್ನೆ ಹೇಳ್ತಿಲ್ಲ.

ಆದರೆ ದೊಡ್ಡ ಲೋಪಕ್ಕೆ ಪೇಢಾ ಸಾಲದು, ಅದಕ್ಕೆ ರೊಕ್ಕ ತೆಗೆದಿಡಲೇಬೇಕು.

ನಿಜವಾದ ಖರ್ಚು ಬಹುಮಾನದ್ದಲ್ಲ, ಬಂದ ವರದಿ ಓದೋ ಸಮಯದ್ದು. ಅದಕ್ಕೇ ಮೊದಲು ವೆಬ್‌ಸೈಟಿನ ಲೋಪ ತಾನೇ ಹುಡುಕೋ ಝ್ಯಾಪ್ (ZAP) ತರಹದ ಉಚಿತ ಸ್ಕ್ಯಾನರ್ ಓಡಿಸಿ, ಸುಲಭದ ಲೋಪಗಳನ್ನು ನೀವೇ ಮುಚ್ಚಿ, ಇಲ್ಲಾಂದ್ರೆ ಅದೇ ಲೋಪವನ್ನು ಇಪ್ಪತ್ತು ಜನ ಬರೆದು ಕಳಿಸ್ತಾರೆ. ಶುರುವಿಗೆ ಲೋಪ ಹುಡುಕೋಕೆ ಲಾಗಿನ್, ಪೇಮೆಂಟ್ ಎರಡೇ ಭಾಗ ಸಾಕು. ವಿದ್ಯಾನಗರದ ಇಂಜಿನಿಯರಿಂಗ್ ಹುಡುಗರು ಹತ್ತು ಜನರನ್ನು ಕರೆಯಿರಿ. ಮೊದಲು ತಿಳಿಸಿದವರಿಗೆ ಮಾತ್ರ ಬಹುಮಾನ ಅಂತ ಮುಂಚೆಯೇ ಬರೆದಿಡಿ, ನಿಯಮ ಪಾಲಿಸಿದವರ ಮೇಲೆ ಕೇಸ್ ಹಾಕಲ್ಲ ಅಂತಲೂ. ಅನುಮತಿ ಇಲ್ಲದೆ ಒಳಗೆ ನುಗ್ಗಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಭಯ ಇರುತ್ತೆ ಅಲ್ವಾ?

ವರದಿ ಕಳಿಸಿದವರಿಗೆ ಎರಡು ದಿನದೊಳಗೆ ಉತ್ತರ ಕೊಡಿ. ಕಡಿಮೆ ರೊಕ್ಕಕ್ಕಿಂತ ಮೌನಕ್ಕೇ ಅವರಿಗೆ ಸಿಟ್ಟು ಜಾಸ್ತಿ.