ಫೀಸ್ ಏರುವ ಮೊದಲೇ ಪೈಲಟ್ ಕೋರ್ಸ್‌ಗೆ ದುಡ್ಡು ಕಟ್ಟಿಬಿಡಲಾ? ಕನ್ನಡಕ ಇದೆ, ಮೆಡಿಕಲ್ ಆಮೇಲೆ ಮಾಡಿಸಿದರೆ ಸಾಕಾ?

ಸಾಲದು. ಈ ಅವಸರ ನನಗೂ ಇತ್ತು. ಮುಂದಿನ ಬ್ಯಾಚ್‌ಗೆ ಫೀಸ್ ಜಾಸ್ತಿ ಆಗುತ್ತದೆ ಅಂತ ಫ್ಲೈಯಿಂಗ್ ಸ್ಕೂಲ್‌ನವರು ಫೋನ್ ಮೇಲೆ ಫೋನ್ ಮಾಡಿದರು. ಅಪ್ಪ ಸೈಟ್ ಅಡ ಇಟ್ಟು ಸಾಲ ತಂದರು. ಆಗ ನನ್ನ ಕೈಯಲ್ಲಿ ಇದ್ದದ್ದು ಕ್ಲಾಸ್ 2 ಮೆಡಿಕಲ್ ಮಾತ್ರ.

ನಾನು ಎಡವಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಿಮಾನಯಾನದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ್ ಹತ್ತಿರ ಕ್ಲಾಸ್ 2 ಮಾಡಿಸಿದರೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ ಸಾಕು. ಅಷ್ಟಿದ್ದರೆ ಟ್ರೈನಿಂಗ್ ಶುರು. ಸೋಲೋ ಅಂದರೆ ಒಬ್ಬರೇ ಹಾರಬಹುದು, ಕ್ರಾಸ್ ಕಂಟ್ರಿ ಅಂತ ದೂರದ ಊರಿಗೂ ಹಾರಿ ಹೋಗಬಹುದು, ಕಂತಿನ ಮೇಲೆ ಕಂತು ಕಟ್ಟಬಹುದು. ಆದರೆ ಸಂಬಳಕ್ಕೆ ವಿಮಾನ ಹಾರಿಸೋಕೆ ಬೇಕಾದ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕೈಗೆ ಬರಬೇಕಾದರೆ ಕ್ಲಾಸ್ 1 ಮೆಡಿಕಲ್ ಬೇಕೇ ಬೇಕು. ಮೊದಲೇ ಕ್ಲಾಸ್ 1 ತನ್ನಿ ಅಂತ ನಮ್ಮ ಸ್ಕೂಲ್ ಕೇಳಲಿಲ್ಲ. ಕೇಳದೇ ಇದ್ದದ್ದನ್ನು ನಾನು ‘ಅರ್ಜೆಂಟ್ ಏನಿಲ್ಲ’ ಅಂತ ಅರ್ಥ ಮಾಡಿಕೊಂಡೆ. ಕ್ಲಾಸ್ 2 ಪಾಸಾದವನಿಗೆ ಕ್ಲಾಸ್ 1 ಏನು ಮಹಾ ಅಂತಲೂ ಅನ್ನಿಸಿತ್ತು.

ಕೋರ್ಸ್‌ಗೆ ಬೇಕಾದ ಗಂಟೆಗಳಲ್ಲಿ ಅರ್ಧದಷ್ಟು ಹಾರಿದ ಮೇಲೆ ಕ್ಲಾಸ್ 1ಕ್ಕೆ ಹೋದೆ. ಕಣ್ಣು, ಕಿವಿ, ಇಸಿಜಿ ಎಲ್ಲ ಸರಿ. ಹೊಟ್ಟೆ ಸ್ಕ್ಯಾನ್‌ನಲ್ಲಿ ಕಿಡ್ನಿ ಕಲ್ಲು! ಒಂದು ದಿನವೂ ನೋವು ಬಂದದ್ದಿಲ್ಲ. ಆದರೆ ವಿಮಾನ ನಡೆಸುವಾಗ ಆ ನೋವು ಬಂದರೆ ಏನು ಗತಿ, ಅದು ಡಾಕ್ಟರ್‌ಗಳ ಲೆಕ್ಕ. ಲೆಕ್ಕ ಸರಿಯೇ. ಟೆಂಪರರಿ ಅನ್‌ಫಿಟ್ ಅಂತ ಬರೆದರು, ಹಾರಾಟ ನಿಂತಿತು. ಕಲ್ಲು ತೆಗೆಸಿ, ರಿಪೋರ್ಟ್ ಕೊಟ್ಟು, ಮತ್ತೆ ಪರೀಕ್ಷೆಗೆ ಹೋಗಿ ಫಿಟ್ ಆಗುವಷ್ಟರಲ್ಲಿ ಕೈ ಜಡ್ಡುಗಟ್ಟಿತ್ತು. ಕಲಿತದ್ದನ್ನೇ ಮತ್ತೆ ಇನ್‌ಸ್ಟ್ರಕ್ಟರ್ ಜೊತೆ ಕೂತು ಹಾರಬೇಕಾಯಿತು, ಅದೂ ಗಂಟೆಗೆ ಹೊಸ ರೇಟ್‌ನಲ್ಲಿ. ಬ್ಯಾಂಕ್ ಬಡ್ಡಿ ಮಾತ್ರ ಒಂದು ದಿನವೂ ಅನ್‌ಫಿಟ್ ಆಗಲಿಲ್ಲ. ಲೈಸೆನ್ಸ್ ಕೊನೆಗೆ ಬಂತು. ಟೈಪ್ ರೇಟಿಂಗ್‌ಗೆ, ಅಂದರೆ ಒಂದು ಮಾದರಿಯ ದೊಡ್ಡ ವಿಮಾನ ಹಾರಿಸೋಕೆ ಬೇಕಾದ ಟ್ರೈನಿಂಗ್‌ಗೆ, ಅಂತ ಇಟ್ಟಿದ್ದ ದುಡ್ಡು ಅಷ್ಟರಲ್ಲಿ ಕರಗಿತ್ತು.

ಅದಕ್ಕೇ ‘ಫೀಸ್ ಏರುವ ಮೊದಲೇ’ ಅನ್ನುವ ನಿಮ್ಮ ಯೋಚನೆಯೇ ನನಗೆ ಒಪ್ಪಿಗೆ ಇಲ್ಲ. ಫೀಸ್ ಏರುವುದು ನಿಜ. ಸಿಪಿಎಲ್‌ಗೆ 200 ಗಂಟೆ ಹಾರಬೇಕು. ಟ್ರೈನಿಂಗ್ ವಿಮಾನಗಳಲ್ಲಿ ಹೆಚ್ಚಿನವು ಕುಡಿಯುವುದು ಆವ್‌ಗ್ಯಾಸ್ ಅನ್ನುವ ದುಬಾರಿ ವಿಮಾನ ಪೆಟ್ರೋಲ್. ಎಂಜಿನ್ ಬಿಡಿಭಾಗ ಬರುವುದು ಡಾಲರ್ ಲೆಕ್ಕದಲ್ಲಿ. ನೀವು ಇವತ್ತು ಕಟ್ಟಿದರೂ ನಡುವೆ ರೇಟ್ ಏರಿದರೆ ಹೊರೆ ನಿಮ್ಮ ತಲೆಗೆ ಬರಬಹುದು. ಏರಿದರೆ ಏರಲಿ. ಅನ್‌ಫಿಟ್ ಅಂತ ಬರೆಸಿಕೊಂಡು ಸಾಲದ ಕಂತು ಕಟ್ಟುವುದಕ್ಕಿಂತ ಅದೇ ಅಗ್ಗ.

ಕನ್ನಡಕದ ಭಯ ಬಿಡಿ. ಕನ್ನಡಕ ಹಾಕಿ ದೃಷ್ಟಿ ಸರಿಯಾಗಿದ್ದರೆ ಆಯಿತು, ಹಾರುವಾಗ ಇನ್ನೊಂದು ಜೊತೆ ಹತ್ತಿರ ಇರಬೇಕು ಅಷ್ಟೇ. ಭಯಪಡಬೇಕಾದ್ದು ಬಣ್ಣಗಳ ಬಗ್ಗೆ. ಚುಕ್ಕೆಗಳ ನಡುವೆ ಅಂಕಿ ಹುಡುಕುವ ಇಶಿಹಾರ ಪರೀಕ್ಷೆಯನ್ನು ಊರಿನ ಕಣ್ಣಿನ ಡಾಕ್ಟರ್ ಹತ್ತಿರವೇ ಮೊದಲು ಮಾಡಿಸಿ. ಬಣ್ಣಗುರುಡಿಗೆ ಆಪರೇಷನ್ ಇಲ್ಲ, ನನ್ನ ಕಲ್ಲಿನ ಹಾಗೆ ತೆಗೆಸಿ ಬರೋಕೆ ಆಗಲ್ಲ.

ಕ್ಲಾಸ್ 1 ಬಂದ ಮೇಲೂ ಪೂರ್ತಿ ದುಡ್ಡು ಒಂದೇ ಸಲ ಕಟ್ಟಬೇಡಿ, ಹಾರಿದಷ್ಟಕ್ಕೆ ಕಟ್ಟಿ. ನಡುವೆ ಅನ್‌ಫಿಟ್ ಆದರೆ ಎಷ್ಟು ವಾಪಸ್ ಕೊಡುತ್ತೀರಿ ಅಂತ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ‘ಅದೆಲ್ಲ ಆಮೇಲೆ ನೋಡೋಣ’ ಅಂದರೆ ಆ ಸ್ಕೂಲ್ ಬಿಟ್ಟು ಬೇರೆ ಹುಡುಕಿ.